ನಾನೂ ಆಟಕ್ಕೆ ಬರ್ಲಾ?

ಈ ಒಂದು ವಾಕ್ಯ ಕಲಿಸುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು.

ಹುಡುಗನ ಹೆಸರು ಬೇಡ, ಪುಟ್ಟ ಅನ್ನೋಣ. ಆಗ ಅವನಿಗೆ ಆರು ವರ್ಷ. ಆಟಿಸಂ ಇದೆ. ಮಾತು ಬರುತ್ತದೆ, ಆದರೆ ಅದರಲ್ಲಿ ಮುಕ್ಕಾಲು ಪಾಲು ಕಾರ್ಟೂನಿನಲ್ಲಿ ಕೇಳಿದ್ದು. ಸುಸ್ತಾದರೆ "ಮುಂದಿನ ಸಂಚಿಕೆಯಲ್ಲಿ ನಿರೀಕ್ಷಿಸಿ" ಅನ್ನುತ್ತಾನೆ. ಸಾಕು, ಮನೆಗೆ ಹೋಗೋಣ ಅಂತ ಅದರ ಅರ್ಥ. ಇಂಥ ಮಾತನ್ನು ಮೊದಲೆಲ್ಲ ಗಿಳಿಪಾಠ ಅಂತ ತಳ್ಳಿಹಾಕುತ್ತಿದ್ದರು. 1980ರ ದಶಕದ ಶುರುವಿನಲ್ಲಿ ಬ್ಯಾರಿ ಪ್ರಿಜಂಟ್ ಅಂಥ ಮಾತಿನ ತಜ್ಞರು ಕೂತು ಕೇಳಿಸಿಕೊಂಡಾಗ, ಈ ಮಕ್ಕಳು ಮರುನುಡಿಯುವುದರ ಹಿಂದೆ ಬೇಡಿಕೆ, ಉತ್ತರ, ತಕರಾರು ಎಲ್ಲ ಇದೆ ಅಂತ ಗೊತ್ತಾಯಿತು. ಅವನ ಅಮ್ಮನಿಗೆ ಅದು ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು ಬಿಡಿ.

ನಾನು ಇಂಥ ಮಕ್ಕಳಿಗೆ ಕಲಿಸುವವಳು. ಮೊದಲ ದಿನ ಬರುವ ಅಪ್ಪ ಅಮ್ಮಂದಿರು ಓದು ಬರಹದ ಮಾತು ಆಮೇಲೆ ಎತ್ತುತ್ತಾರೆ. ಮೊದಲು ಕೇಳುವುದು ಇದೇ: "ಬೇರೆ ಮಕ್ಕಳ ಜೊತೆ ಬೆರೆಯೋದು ಕಲಿಸಿ." ಅದಕ್ಕೆ ನಮ್ಮ ಹತ್ತಿರ ಸಿದ್ಧ ಪಾಠ ಇರುತ್ತದೆ. ಹತ್ತಿರ ಹೋಗು. ನಿಲ್ಲು. ಮುಖ ನೋಡು. "ನಾನೂ ಆಟಕ್ಕೆ ಬರ್ಲಾ?" ಅನ್ನು. ನಾಲ್ಕು ಹೆಜ್ಜೆ, ನಾಲ್ಕು ಚಿತ್ರದ ಕಾರ್ಡು. ನನ್ನ ಕೈಯಲ್ಲೊಂದು ಬೊಂಬೆ. ಪುಟ್ಟ ಕೇಳುತ್ತಾನೆ, ಬೊಂಬೆ "ಓ, ಬಾ ಬಾ!" ಅನ್ನುತ್ತದೆ. ಸರಿಯಾಗಿ ಹೇಳಿದರೆ ಒಂದು ಸ್ಟಿಕರ್.

ಆ ಬೊಂಬೆ ಒಂದು ದಿನವೂ "ಬೇಡ" ಅನ್ನಲಿಲ್ಲ. ಅದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಈಗ ಗೊತ್ತಾಗುತ್ತದೆ.

ಮೂರು ತಿಂಗಳಾದ ಮೇಲೆ ಅವನನ್ನು ಮಕ್ಕಳು ಆಡುವ ಪಾರ್ಕಿಗೆ ಕರೆದುಕೊಂಡು ಹೋದೆವು. ನಾನು, ಅವನ ಅಮ್ಮ, ಬೆಂಚಿನ ಮೇಲೆ. ಮೂರು ಮಕ್ಕಳು ಮರಳಿನಲ್ಲಿ ಏನೋ ಕಟ್ಟುತ್ತಿದ್ದರು. ಪುಟ್ಟ ಹೋದ. ನಿಂತ. ಮುಖ ನೋಡಿದ. ಸ್ಪಷ್ಟವಾಗಿ, ನಾನು ಹೇಳಿಕೊಟ್ಟ ರಾಗದಲ್ಲೇ ಕೇಳಿದ. ಅವರಲ್ಲಿ ದೊಡ್ಡವಳು ತಲೆ ಎತ್ತದೆ "ಬೇಡ" ಅಂದಳು. ಜಗಳದ ದನಿಯೇನಲ್ಲ, ಸುಮ್ನೆ ಬೇಡ ಅಷ್ಟೆ. ಪುಟ್ಟ ಇನ್ನೊಮ್ಮೆ ಕೇಳಿದ, ಅದೇ ದೂರದಲ್ಲಿ ನಿಂತು, ಅದೇ ರಾಗದಲ್ಲಿ. ಮತ್ತೆ ಕೇಳಿದ. ಐದನೇ ಸಲಕ್ಕೆ ಅವರು ನಕ್ಕು, ಬಕೆಟ್ ಎತ್ತಿಕೊಂಡು ಆ ಕಡೆಗೆ ಹೋಗಿಬಿಟ್ಟರು.

ಅವನು ಅಳಲಿಲ್ಲ. ನೇರ ನನ್ನ ಹತ್ತಿರ ಬಂದು ಕೈ ಚಾಚಿದ. ಸ್ಟಿಕರಿಗೆ.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಹೇಳಿದ ಕೆಲಸ ಮಾಡಿದ್ದ, ಐದು ಸಲ. ಬ್ಯಾಗಿನಿಂದ ಸ್ಟಿಕರ್ ತೆಗೆದು ಕೊಟ್ಟೆ. ಅವನ ಅಮ್ಮ ಬೇರೆ ಕಡೆ ನೋಡುತ್ತಿದ್ದರು.

ಅವತ್ತು ರಾತ್ರಿ ತಲೆಗೆ ಹತ್ತಿದ ಪ್ರಶ್ನೆ ಬಹಳ ಸಣ್ಣದು. ಅಸಲಿಗೆ ಮಕ್ಕಳು ಹೀಗೆ ಕೇಳುತ್ತಾರಾ? ಇಷ್ಟು ವರ್ಷ ಕಲಿಸಿದ್ದೇನೆ, ಒಂದು ದಿನವೂ ಪರೀಕ್ಷಿಸಿ ನೋಡಿರಲಿಲ್ಲ. ನಮ್ಮ ಜಾಗದ ಪಕ್ಕದಲ್ಲೇ ಒಂದು ಶಾಲೆ. ಅಲ್ಲಿಯ ಟೀಚರನ್ನು ಕೇಳಿಕೊಂಡು ಒಂದು ವಾರ ಆಟದ ಬಿಡುವಿನಲ್ಲಿ ಮೂಲೆಯಲ್ಲಿ ಕೂತೆ. ಆಟದಿಂದ ಆಟಕ್ಕೆ ಮಕ್ಕಳು ಸೇರುವುದು, ಬಿಡುವುದು ನಡೆದೇ ಇತ್ತು. "ನಾನೂ ಬರ್ಲಾ" ಅನ್ನುವ ಮಾತು ನನ್ನ ಕಿವಿಗೆ ಬಿದ್ದಿದ್ದು ಆ ವಾರವೆಲ್ಲ ಎರಡೇ ಸಲ. ಎರಡು ಸಲವೂ ಸಿಕ್ಕ ಉತ್ತರ ಬೇಡ.

ಮತ್ತೆ ಹೇಗೆ ಸೇರುತ್ತಾರೆ? ಒಬ್ಬ ಹುಡುಗನನ್ನು ನೋಡಿದೆ. ಮೂವರು ಮಣ್ಣಿನಲ್ಲಿ ಕಾಲುವೆ ತೋಡುತ್ತಿದ್ದಾರೆ. ಇವನು ಬಂದು ಸುಮ್ಮನೆ ಒಂದು ಸುತ್ತು ಹಾಕಿದ. ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತ. ಸ್ವಲ್ಪ ಹೊತ್ತು ನೋಡಿದ. ತನ್ನ ಪಾಡಿಗೆ ತಾನೂ ಒಂದು ಗೀರು ತೋಡಲು ಶುರುಮಾಡಿದ, ಅವರ ಕಾಲುವೆ ಕಡೆಗೇ. ಎರಡೂ ಒಂದು ಗೇಣು ದೂರ ಇರುವಾಗ "ನೀರು ಬಂತು, ನೀರು ಬಂತು!" ಅಂದ. ಅವರಲ್ಲೊಬ್ಬ "ಏಯ್, ಇಲ್ಲಿ ಕಟ್ಟೆ ಹಾಕೋ" ಅಂತ ಕೂಗಿದ. ಮುಗಿಯಿತು, ಒಳಗೆ ಬಂದಾಯಿತು. ಇವನು ಯಾರನ್ನೂ ಏನನ್ನೂ ಕೇಳಲಿಲ್ಲ. ಅವರೂ ಯಾರೂ ಬಾ ಅನ್ನಲಿಲ್ಲ.

ಆಮೇಲೆ ಹುಡುಕಿ ಓದಿದರೆ, ಇದನ್ನು ಕಂಡವಳು ನಾನೇ ಮೊದಲಿಗಳಲ್ಲ ಅಂತ ತಿಳಿಯಿತು. ವಿಲಿಯಂ ಕೊರ್ಸಾರೊ ಅನ್ನುವ ಸಮಾಜಶಾಸ್ತ್ರಜ್ಞ ಅಮೆರಿಕದ ಒಂದು ನರ್ಸರಿ ಶಾಲೆಯಲ್ಲಿ ತಿಂಗಳುಗಟ್ಟಲೆ ಮಕ್ಕಳ ಜೊತೆ ನೆಲದ ಮೇಲೆ ಕೂತು ನೋಡಿ, 1979ರಲ್ಲಿ ಬರೆದಿದ್ದ. ಮಕ್ಕಳು ನೇರವಾಗಿ ಅನುಮತಿ ಕೇಳುವುದು ಅಪರೂಪ. ಸುತ್ತು ಹಾಕುತ್ತಾರೆ, ಮಾತಿಲ್ಲದೆ ಬಂದು ಕೂರುತ್ತಾರೆ, ನಡೆಯುತ್ತಿರುವುದನ್ನೇ ತಾವೂ ಮಾಡುತ್ತಾರೆ. ಇನ್ನು ಬೇಡ ಅನ್ನುವ ಮಕ್ಕಳು ಕೆಟ್ಟವರೇನಲ್ಲ. ಮಕ್ಕಳ ಆಟ ಸೋಪಿನ ಗುಳ್ಳೆ ಇದ್ದ ಹಾಗೆ, ಹೊರಗಿನ ಒಂದು ಪ್ರಶ್ನೆಗೆ ಒಡೆದುಹೋಗುತ್ತದೆ. ಅದಕ್ಕೇ ಆಟಕ್ಕೆ ಕಾವಲು ಕಾಯುತ್ತಾರೆ. ಕಾಯುತ್ತಿರುವವರ ಮುಂದೆ ಹೋಗಿ ಹೌದು ಇಲ್ಲ ಅನ್ನುವ ಪ್ರಶ್ನೆ ಇಟ್ಟರೆ ಸುಲಭದ ಉತ್ತರ ಯಾವುದು ಹೇಳಿ?

ಅಂದರೆ ನಾನು ಪುಟ್ಟನಿಗೆ ಮೂರು ತಿಂಗಳು ಕಲಿಸಿದ್ದು ದೊಡ್ಡವರ ಮರ್ಯಾದೆ. ಬಾಗಿಲು ತಟ್ಟಿ, ಒಳಗೆ ಬರಬಹುದಾ ಅಂತ ಕೇಳುವುದು. ಬಾಗಿಲೇ ಇಲ್ಲದ ಕಡೆ ಬಾಗಿಲು ತಟ್ಟುವ ಹುಡುಗನಾಗಿ ಅವನನ್ನು ಮಾಡಿಟ್ಟಿದ್ದೆ.

ಸೋಷಿಯಲ್ ಸ್ಕಿಲ್ಸ್ ಅನ್ನುವ ಹೆಸರಿನಲ್ಲಿ ನಡೆಯುವ ಪಾಠಗಳನ್ನು ಈಗ ಈ ಕಣ್ಣಿನಿಂದ ನೋಡಿದರೆ ತುಂಬಾ ಕಡೆ ಇದೇ ಕಥೆ. ಕೈಕುಲುಕು, ಕಣ್ಣಲ್ಲಿ ಕಣ್ಣಿಡು, ಸಾರಿ ಹೇಳು. ಆರು ವರ್ಷದ ಮಕ್ಕಳು ಒಬ್ಬರಿಗೊಬ್ಬರು ಕೈಕುಲುಕಿದ್ದನ್ನು ನಾನಂತೂ ನೋಡಿಲ್ಲ. ಕಣ್ಣಿನ ವಿಷಯದಲ್ಲಿ ನನಗೆ ಕೋಪವೇ ಬರುತ್ತದೆ. ಒಟ್ಟಿಗೆ ಮಣ್ಣು ತೋಡುವ ಮಕ್ಕಳು ನೋಡುವುದು ಮಣ್ಣನ್ನು. ಎದುರಿನವರ ಕಣ್ಣು ನೋಡುವುದು ಹಿಂಸೆ ಅಂತ ಆಟಿಸಂ ಇರುವ ಎಷ್ಟೋ ದೊಡ್ಡವರು ಬಾಯಿಬಿಟ್ಟು ಹೇಳುತ್ತಿದ್ದಾರೆ. ಆದರೂ ಚಾರ್ಟಿನಲ್ಲಿ ಅದಕ್ಕೊಂದು ಕಾಲಂ ಇದ್ದೇ ಇರುತ್ತದೆ.

ಇದರ ಬೇರು ಹಳೆಯದು. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದಾಗಿನಿಂದ, ಈ ಮಕ್ಕಳಿಗೆ ಬೇರೆಯವರಲ್ಲಿ ಆಸಕ್ತಿ ಇಲ್ಲ ಅನ್ನುವ ಮಾತು ಅಂಟಿಕೊಂಡಿದೆ. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ, ಯೂಟಾ ಫ್ರಿತ್ ಸೇರಿ ಎರಡು ಬೊಂಬೆ ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. ಸ್ಯಾಲಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ. ವಾಪಸ್ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಪೆಟ್ಟಿಗೆ ತೋರಿಸಿದರು. ಇನ್ನೊಬ್ಬರ ತಲೆಯಲ್ಲಿ ಏನಿದೆ ಅಂತ ಊಹಿಸುವುದು ಈ ಮಕ್ಕಳಿಗೆ ಕಷ್ಟ ಅನ್ನುವ ತೀರ್ಮಾನ ಅಲ್ಲಿಂದ ಎಲ್ಲ ಕಡೆ ಹರಡಿತು. ನಾನೂ ಅದನ್ನೇ ಓದಿ ಪಾಸಾದವಳು.

ಆದರೆ ಒಂದು ಕೈಯಿಂದ ಚಪ್ಪಾಳೆ ಆಗಲ್ಲ ಅಲ್ವಾ? ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕ, ಆತ ಸ್ವತಃ ಆಟಿಸಂ ಇರುವವರು, 2012ರಲ್ಲಿ ಇದನ್ನೇ ಹೇಳಿದರು. ಅರ್ಥವಾಗದಿರುವುದು ಎರಡೂ ಕಡೆಯಿಂದ. ಅವರಿಗೆ ನಾವು ಅರ್ಥವಾಗದ ಹಾಗೆಯೇ ನಮಗೆ ಅವರು ಅರ್ಥವಾಗುವುದಿಲ್ಲ. ನಮ್ಮ ಸಂಖ್ಯೆ ಜಾಸ್ತಿ ಇರುವುದರಿಂದ ಕೊರತೆ ಅವರದ್ದಾಗಿಬಿಟ್ಟಿದೆ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಜೊತೆಗಾರರು ದೊಡ್ಡವರನ್ನು ಎಂಟೆಂಟು ಜನರ ಸಾಲು ಮಾಡಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಲು ಹೇಳಿದರು, ನಾವು ಕಿವಿಮಾತಿನ ಆಟ ಆಡುವುದಿಲ್ಲವಾ, ಹಾಗೆ. ಎಲ್ಲರಿಗೂ ಆಟಿಸಂ ಇದ್ದ ಸಾಲು, ಯಾರಿಗೂ ಇಲ್ಲದ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು.

ಪುಟ್ಟನ ಆಟಕ್ಕೆ ಬರುತ್ತೇನೆ. ಅವನಿಗೆ ಡಬ್ಬಿ ಮುಚ್ಚಳ ಅಂದರೆ ಪ್ರಾಣ. ನೆಲದ ಮೇಲೆ ನಿಲ್ಲಿಸಿ ಬುಗುರಿ ಹಾಗೆ ತಿರುಗಿಸುತ್ತಾನೆ, ಕೆನ್ನೆ ನೆಲಕ್ಕೆ ಒತ್ತಿ ಮಲಗಿ ನೋಡುತ್ತಾನೆ. ಗಂಟೆಗಟ್ಟಲೆ. ನಾನು ಅದನ್ನು ಅಷ್ಟು ದಿನ ಫೈಲಿನಲ್ಲಿ "ಅರ್ಥವಿಲ್ಲದ ಪುನರಾವರ್ತನೆ" ಅಂತ ಬರೆದಿಟ್ಟು, ಪಾಠ ಶುರುವಾಗುವ ಮುಂಚೆ ಮುಚ್ಚಳ ಕಸಿದು ಬೀರುವಿನಲ್ಲಿ ಇಡುತ್ತಿದ್ದೆ. ಪಾಠ ಮುಗಿದ ಮೇಲೆ ಬಹುಮಾನವಾಗಿ ಎರಡು ನಿಮಿಷ ಕೊಡುತ್ತಿದ್ದೆ.

ಪಾರ್ಕಿನ ಘಟನೆಯಾದ ಮೇಲೆ ಒಂದು ದಿನ ನಾನೂ ಒಂದು ಮುಚ್ಚಳ ಹಿಡಿದು ಅವನ ಪಕ್ಕ ಮಲಗಿದೆ. ಕೆನ್ನೆ ನೆಲಕ್ಕೆ. ಅಲ್ಲಿಂದ ನೋಡಿದರೆ ಅದು ಬೇರೆಯೇ. ತಿರುಗುವಾಗ ಮುಚ್ಚಳ ಪಾರದರ್ಶಕ ಚೆಂಡಿನ ಹಾಗೆ ಕಾಣುತ್ತದೆ. ವಾಲುತ್ತಾ ಬಂದಾಗ ಅದರ ನೆರಳು ನೆಲದ ಮೇಲೆ ರೆಪ್ಪೆ ಬಡಿಯುತ್ತದೆ. ಆಮೇಲೆ ಸದ್ದು. ಬೀಳುವ ಹೊತ್ತಿಗೆ ನಿಧಾನವಾಗುತ್ತದೆ ಅಂದುಕೊಂಡಿದ್ದೆ, ಆಗುವುದು ಉಲ್ಟಾ. ತಟ್... ತಟ್.. ತಟ್ತಟ್ ತಟತಟತಟ ಟರ್ರ್ರ್, ಆಮೇಲೆ ಟಕ್ ಅಂತ ಮೌನ. ಆ ಟರ್ರ್ ಸದ್ದು ಕೆನ್ನೆಯ ಮೂಳೆಗೆ ಬರುತ್ತದೆ. ಪುಟ್ಟ ಕಾಯುತ್ತಿದ್ದಿದ್ದು ಅದಕ್ಕೇ. ಇಷ್ಟು ಚೆನ್ನಾಗಿರುವುದನ್ನು ಬಿಟ್ಟು ಅವನು ನನ್ನ ಕೈಬೊಂಬೆಯನ್ನು ಯಾಕೆ ನೋಡಬೇಕಿತ್ತು, ನೀವೇ ಹೇಳಿ.

ಮೊದಲ ದಿನ ಅವನು ಬೆನ್ನು ತಿರುಗಿಸಿಕೊಂಡ, ಮುಚ್ಚಳ ಕಿತ್ತುಕೊಳ್ಳುತ್ತೇನೆ ಅಂದುಕೊಂಡಿರಬೇಕು. ಮೂರನೇ ದಿನ ನನ್ನ ಮುಚ್ಚಳ ನೋಡಿದ, ನನ್ನನ್ನಲ್ಲ. ಅವನು ಜೋರಾಗಿ ತಿರುಗಿಸಿದರೆ ನಾನೂ ಜೋರಾಗಿ, ಅವನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತಿದ್ದೆ. ಅವನಿಗದು ಗೊತ್ತಾಯಿತು. ಬೇಕಂತಲೇ ನಿಲ್ಲಿಸಿ, ಓರೆಗಣ್ಣಲ್ಲಿ ನನ್ನ ಕೈ ನೋಡಿ, ಮತ್ತೆ ತಿರುಗಿಸಿದ. ಮೊದಲ ಜೋಕು. ಎರಡನೇ ವಾರದಲ್ಲಿ, ನಾನು ಕೈ ಕಟ್ಟಿ ಕೂತಾಗ, ನೆಲದ ಮೇಲೆ ನನ್ನ ಕಡೆಗೆ ಒಂದು ಮುಚ್ಚಳ ಜಾರಿಸಿದ.

ಸರದಿ ಕಾಯುವುದು ಅಂತ ನಾನು ಅದುವರೆಗೆ ಟೈಮರ್ ಇಟ್ಟು ಕಲಿಸುತ್ತಿದ್ದುದು ಅಲ್ಲಿ ತಾನಾಗಿಯೇ ಆಗಿತ್ತು. ಅಮೆರಿಕದ ವೈದ್ಯ ಸ್ಟ್ಯಾನ್ಲಿ ಗ್ರೀನ್‌ಸ್ಪ್ಯಾನ್ ಫ್ಲೋರ್‌ಟೈಮ್ ಅಂತ ಕರೆದಿದ್ದು ಇದನ್ನೇ. ನೆಲದ ಮೇಲೆ ಇಳಿ, ಮಗುವಿನ ಹಿಂದೆ ಹೋಗು, ಅದು ಒಂದು ಮಾಡಿದರೆ ನೀನೊಂದು ಮಾಡು, ಕಾಯಿ. ಇದರಲ್ಲಿ ಕಷ್ಟದ್ದು ಕೊನೆಯದು. ಟೀಚರಿಗೆ ಬಾಯಿ ಮುಚ್ಚಿಕೊಂಡು ಕಾಯುವುದು ಬರುವುದಿಲ್ಲ. "ಎಷ್ಟು ಚೆನ್ನಾಗಿದೆ! ಯಾವ ಬಣ್ಣ? ಎಷ್ಟಿವೆ?" ಅಂತ ಬಾಯಿ ತುದಿಗೆ ಬಂದೇ ಬರುತ್ತದೆ. ನಾನು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಎಷ್ಟೋ ಸಲ ಎಂಟಕ್ಕೆ ಮಗು ಏನಾದರೂ ಮಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಗು ಬೇಕಾದ್ದಕ್ಕೆ ಕೈ ತೋರಿಸುವುದು ಒಂದು. "ನೋಡು, ಅದನ್ನು ನೋಡು" ಅಂತ ತೋರಿಸುವುದು ಇನ್ನೊಂದು. ಮೊದಲನೆಯದಕ್ಕೆ ಎದುರಿನವರು ಬರೀ ಕೈ. ಎರಡನೆಯದಕ್ಕೆ ಎದುರಿನವರು ಜೊತೆಗಾರರು. ಆಟಿಸಂ ಇರುವ ಮಕ್ಕಳಲ್ಲಿ ಈ ಎರಡನೆಯದು ತಡ, ಅಪರೂಪ. ಕಾನಿ ಕಸಾರಿ ಅನ್ನುವ ಸಂಶೋಧಕಿ 2006ರಲ್ಲಿ ಮೂರು ನಾಲ್ಕು ವರ್ಷದ 58 ಮಕ್ಕಳ ಜೊತೆ ಮಾಡಿದ ಕೆಲಸದಲ್ಲಿ ಒಂದು ಗುಂಪಿಗೆ ಇದನ್ನೂ ಇನ್ನೊಂದಕ್ಕೆ ಕಲ್ಪನೆಯ ಆಟವನ್ನೂ ದಿನಾ ಅರ್ಧ ಗಂಟೆ, ಐದಾರು ವಾರ ಕಲಿಸಿದಾಗ ಮಕ್ಕಳು ಕಲಿತರು. ಹಾಗಾಗಿ ಕಲಿಸಲೇಬಾರದು, ಮಗು ತನ್ನಷ್ಟಕ್ಕೆ ಬೆಳೆಯಲಿ ಅನ್ನುವವರ ಗುಂಪಿಗೂ ನಾನು ಸೇರುವುದಿಲ್ಲ. ಎಲ್ಲಿ ನಿಂತು ಕಲಿಸುತ್ತೀವಿ ಅನ್ನುವುದಷ್ಟೇ ನನ್ನ ತಕರಾರು.

ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಬರೆದ ಆಟದ ಬಗೆಗಳು ನಮ್ಮ ಕೋರ್ಸುಗಳಲ್ಲಿ ಮೆಟ್ಟಿಲಿನ ಹಾಗೆ ಬರುತ್ತವೆ. ಒಂಟಿ ಆಟ, ನೋಡುತ್ತಾ ನಿಲ್ಲುವುದು, ಪಕ್ಕಪಕ್ಕದ ಆಟ, ಆಮೇಲೆ ಕೂಡಿ ಆಡುವುದು. ಪಕ್ಕಪಕ್ಕದಲ್ಲಿ ನಿಂತ ಮಗುವನ್ನು ಮೇಲಕ್ಕೆ ದಬ್ಬುವುದೇ ನಮ್ಮ ಕೆಲಸ ಅಂದುಕೊಂಡುಬಿಡುತ್ತೇವೆ. ನಾನೂ ನನ್ನ ಗಂಡನೂ ಸಂಜೆ ಒಂದೇ ರೂಮಿನಲ್ಲಿ ಬೇರೆ ಬೇರೆ ಪುಸ್ತಕ ಹಿಡಿದು ಕೂರುತ್ತೇವೆ. ಅದೂ ಪಕ್ಕಪಕ್ಕದ ಆಟವೇ. ಯಾರೂ ಬಂದು ನಮ್ಮನ್ನು ದಬ್ಬಿಲ್ಲ.

ಪುಟ್ಟನ ಅಮ್ಮನಿಗೆ ಇದೆಲ್ಲ ಹಿಡಿಸಲಿಲ್ಲ. ನೇರವಾಗಿಯೇ ಹೇಳಿದರು. "ಮೇಡಂ, ನೀವು ನೆಲದ ಮೇಲೆ ಮಲಗ್ತೀರಿ, ಸರಿ. ಹೊರಗಿನವರು ಯಾರು ಮಲಗ್ತಾರೆ? ನಾನು ಹೋದ ಮೇಲೆ ಇವನು ಯಾರ ಜೊತೆ ಇರಬೇಕು?" ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಹೊರಗಿನವರಿಗೆ ಸರಿಹೊಂದಲಿ ಅಂತ ದಿನವಿಡೀ ನಟಿಸಿ, ಮನೆಗೆ ಬಂದು ಕುಸಿದುಬೀಳುವ ದೊಡ್ಡ ಹುಡುಗ ಹುಡುಗಿಯರನ್ನು ಕಂಡಿದ್ದೇನೆ. ಅದಕ್ಕೇ ನಟನೆ ಕಲಿಸಲು ಮನಸ್ಸಿಲ್ಲ. ಆದರೆ ಅವರ ಪ್ರಶ್ನೆಯೂ ಸುಳ್ಳಲ್ಲ. ಹೊರಗಿನವರನ್ನು ಸ್ವಲ್ಪ ಒಳಗೆ ಕರೆದು ನೋಡೋಣ ಅಂದೆ.

ಒಬ್ಬಳು ಹುಡುಗಿ ಸಿಕ್ಕಳು, ಎಂಟು ವರ್ಷ, ಬಾಯಿಬಡುಕಿ. ಅವಳಿಗೆ ಮೂರೇ ವಿಷಯ ಹೇಳಿದೆ. ಮಾತಾಡುವ ಬದಲು ಮಾಡಿ ತೋರಿಸು. ಮಾಡಿದ ಮೇಲೆ ಕಾಯಿ. ಅವನು ಕಿವಿ ಮುಚ್ಚಿಕೊಂಡರೆ ನಿಲ್ಲಿಸು. ಅವಳು ಕೇಳಿದಳು, "ಮಿಸ್, ನಾನು ಕಿವಿ ಮುಚ್ಕೊಂಡ್ರೆ ಅವನೂ ನಿಲ್ಲಿಸ್ತಾನಾ?" ನನಗೆ ಹೊಳೆದೇ ಇರಲಿಲ್ಲ. ಅವತ್ತಿನಿಂದ ಆ ನಿಯಮ ಇಬ್ಬರಿಗೂ. ಪುಟ್ಟ ಅದನ್ನು ಅವಳಿಗಿಂತ ನಿಷ್ಠೆಯಿಂದ ಪಾಲಿಸಿದ.

ಆ ಹುಡುಗಿಯೇ ದೊಡ್ಡ ಮುಚ್ಚಳ, ಸಣ್ಣ ಮುಚ್ಚಳ ತಂದು, ಯಾವುದು ಮೊದಲು ಬೀಳುತ್ತೆ ಅಂತ ಪಂದ್ಯ ಕಟ್ಟಿದಳು. ಒಂದೇ ಒಂದು ಬದಲಾವಣೆ, ಆಟ ಅವನದೇ. ಪಮೇಲಾ ವುಲ್ಫ್‌ಬರ್ಗ್ ಆಟದ ಗುಂಪುಗಳನ್ನು ಕಟ್ಟಿದ್ದು ಹೀಗೇ, ಆಡಲು ಬರುವ ಮಕ್ಕಳನ್ನೂ ಕಲಿಯುವ ಮಕ್ಕಳನ್ನೂ ಬೆರೆಸಿ, ದೊಡ್ಡವರು ಅಂಚಿಗೆ ಸರಿದು. ಡೇನಿಯಲ್ ಲೆಗಾಫ್ 2004ರಲ್ಲಿ ಬರೆದ, ತುಂಡು ಜೋಡಿಸುವ ಲೆಗೊ ಆಟಿಕೆಯ ಗುಂಪುಗಳ ಗುಟ್ಟೂ ಇದೇ. ಅಲ್ಲಿ ಒಬ್ಬ ನಕ್ಷೆ ನೋಡಿ ಹೇಳಬೇಕು, ಒಬ್ಬ ತುಂಡು ಹುಡುಕಿ ಕೊಡಬೇಕು, ಒಬ್ಬ ಜೋಡಿಸಬೇಕು. ಮಾತಾಡದಿದ್ದರೆ ಗಾಡಿ ಆಗುವುದಿಲ್ಲ. ಗಾಡಿ ಬೇಕು, ಅದಕ್ಕೆ ಮಾತಾಡುತ್ತಾರೆ.

ಉಳಿದಿದ್ದು "ಬೇಡ". ಇದನ್ನು ಕಲಿಸದೆ ಪಾರ್ಕಿಗೆ ಕಳಿಸುವುದಿಲ್ಲ ಅಂತ ತೀರ್ಮಾನಿಸಿದ್ದೆ. ಒಂದು ಮಧ್ಯಾಹ್ನ ಮೂವರೂ ಕೂತು ಬೇಡ ಆಟ ಆಡಿದೆವು. ಏನೇ ಕೊಟ್ಟರೂ "ಬೇಡ" ಅನ್ನಬೇಕು, ಪ್ರತಿ ಸಲ ಬೇರೆ ದನಿಯಲ್ಲಿ. ನಾನು ರಾಕ್ಷಸನ ಹಾಗೆ ಬೇಡ ಅಂದೆ. ಹುಡುಗಿ ಇಲಿಯ ಹಾಗೆ. ಪುಟ್ಟ ಸ್ವಲ್ಪ ಹೊತ್ತು ಮುಚ್ಚಳ ನೋಡುತ್ತಾ ಇದ್ದು, ಮುಚ್ಚಳ ಬೀಳುವ ಹಾಗೆ ಹೇಳಿದ. "ಬೇ.. ಬೇ.. ಬೇಬೇಬೇಬೇ ಡಾ!" ನಾವು ನಕ್ಕಿದ್ದಕ್ಕೆ ಮತ್ತೆ ಹೇಳಿದ. ಆಮೇಲೆ ವಾರಗಟ್ಟಲೆ ಅದೇ. ಬೇಡ ಅನ್ನಿಸಿಕೊಂಡರೆ ಏನು ಮಾಡುವುದು ಅಂತಲೂ ಹೇಳಿಕೊಟ್ಟೆ. ಅಂಚಿನಲ್ಲಿ ಕೂತು ನಿನ್ನ ಆಟ ಆಡು, ಅಥವಾ ಬೇರೆ ಕಡೆ ಹೋಗು, ಅಥವಾ ನನ್ನ ಹತ್ತಿರ ಬಾ. ಇದನ್ನು ಮಾತ್ರ ಚಿತ್ರ ಬರೆದು, ಸಣ್ಣ ಕಥೆ ಮಾಡಿ ಓದಿಸಿದೆ. ಕ್ಯಾರಲ್ ಗ್ರೇ ಶುರುಮಾಡಿದ ಸೋಷಿಯಲ್ ಸ್ಟೋರಿ ಪದ್ಧತಿ ಇಂಥದ್ದಕ್ಕೆ ಚೆನ್ನಾಗಿ ಒದಗುತ್ತದೆ. ಏನಾಗಬಹುದು ಅಂತ ವಿವರಿಸುವ ವಾಕ್ಯ ಜಾಸ್ತಿ ಇರಬೇಕು, ಹೀಗೆ ಮಾಡು ಅನ್ನುವುದು ಕಡಿಮೆ ಇರಬೇಕು ಅಂತ ಆಕೆಯೇ ಹೇಳುತ್ತಾರೆ. ತುಂಬಾ ಜನ ಅದನ್ನು ಮರೆತು ಆಜ್ಞೆಗಳ ಪಟ್ಟಿ ಮಾಡಿಬಿಡುತ್ತಾರೆ.

ಐದು ತಿಂಗಳಾದ ಮೇಲೆ ಮತ್ತೆ ಅದೇ ಪಾರ್ಕು, ಅದೇ ಬೆಂಚು. ಪುಟ್ಟನ ಎರಡೂ ಜೇಬಿನಲ್ಲಿ ಮುಚ್ಚಳ. ಮಕ್ಕಳಿದ್ದ ಕಡೆಯಿಂದ ನಾಲ್ಕು ಮಾರು ದೂರದಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಕೂತ. ಯಾರನ್ನೂ ಏನೂ ಕೇಳಲಿಲ್ಲ. ಒಂದು ತಿರುಗಿಸಿದ. ಕಾಲು ಗಂಟೆ ಹಾಗೇ ಹೋಯಿತು. ಅವನ ಅಮ್ಮ ಎರಡು ಸಲ ಗಡಿಯಾರ ನೋಡಿದರು.

ಕೆಂಪು ಟೀ ಶರ್ಟಿನ ಒಬ್ಬ ಹುಡುಗ ಸುತ್ತು ಹಾಕುತ್ತಾ ಬಂದ. ನಿಂತು ನೋಡಿದ. "ನಾನೂ ಬರ್ಲಾ?" ಅಂದ.

"ಬೇ.. ಬೇ.. ಬೇಬೇಬೇಬೇ ಡಾ!" ಅಂದ ಪುಟ್ಟ.

ಅಮ್ಮ ನನ್ನ ಮೊಣಕೈ ಹಿಡಿದರು. "ಮೇಡಂ, ಬೇಡ ಅಂದುಬಿಟ್ನಲ್ಲ. ಹೋಗಿ ತಿದ್ದಬೇಕಲ್ವಾ?"

"ಒಂದು ನಿಮಿಷ ಇರಿ" ಅಂದೆ.

ಆ ಹುಡುಗ ಬಿದ್ದುಬಿದ್ದು ನಗುತ್ತಿದ್ದ. ನಕ್ಕು ಮುಗಿಸಿ, ಹೋಗುವ ಬದಲು ಕಟ್ಟೆಯ ಮೇಲೆ ಕೂತ. ಒಂದು ಮುಚ್ಚಳ ಎತ್ತಿ ತಿರುಗಿಸಿದ, ಅದು ಅರ್ಧ ಸುತ್ತಿಗೇ ಬಿತ್ತು. ಪುಟ್ಟ ಅವನ ಕಡೆ ನೋಡಲಿಲ್ಲ. ಮುಚ್ಚಳವನ್ನು ಮತ್ತೆ ನಿಲ್ಲಿಸಿ, ಎರಡು ಬೆರಳಲ್ಲಿ ಚಿಟಕಿ ಹೊಡೆದ ಹಾಗೆ ತಿರುಗಿಸಿ, ಕೆನ್ನೆ ಕಟ್ಟೆಗೆ ಒತ್ತಿ ಮಲಗಿದ. ಹುಡುಗ ಒಂದು ಕ್ಷಣ ಅವನನ್ನೂ ಮುಚ್ಚಳವನ್ನೂ ನೋಡಿದ. ಆಮೇಲೆ ಅವನೂ ಆ ಕಡೆಯಿಂದ ಬಗ್ಗಿ, ಕೆನ್ನೆ ಒತ್ತಿ ಮಲಗಿದ.